ಬೇರೆಯವರ ಮನೆಯಲ್ಲಿ ಬೆಳೆಯುವ ಹುಡುಗಿಯರು

1996ರ ನವೆಂಬರ್ ಕೊನೆಯಿಂದ ಡಿಸೆಂಬರ್ 9ರವರೆಗೆ ಕುಂದಾಪುರದಲ್ಲಿ ಒಂದು ಸಭೆ ನಡೆಯಿತು. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕದ 33 ದೇಶಗಳ ದುಡಿಯುವ ಮಕ್ಕಳ ಪ್ರತಿನಿಧಿಗಳು ಅಲ್ಲಿ ಸೇರಿದ್ದರು. ಶೋಷಣೆ ಬೇಡ, ಘನತೆಯ ಕೆಲಸ ಬೇಕು, ಓದಿಗೂ ಆಟಕ್ಕೂ ಬಿಡುವು ಉಳಿಯುವಷ್ಟೇ ಹೊತ್ತಿನ ಕೆಲಸ ಬೇಕು, ನಮ್ಮ ಬಗ್ಗೆ ತೀರ್ಮಾನ ಮಾಡುವಾಗ ನಮ್ಮನ್ನೂ ಕೇಳಬೇಕು ಎಂದು ಹತ್ತು ಅಂಶಗಳ ಘೋಷಣೆಯೊಂದನ್ನು ಅವರು ಹೊರಡಿಸಿದರು. ಮರುದಿನ, ಡಿಸೆಂಬರ್ 10ರಂದು, ದೆಹಲಿಯಲ್ಲಿ ಸುಪ್ರೀಂ ಕೋರ್ಟ್ ಎಂ.ಸಿ. ಮೆಹ್ತಾ ಪ್ರಕರಣದ ತೀರ್ಪು ಕೊಟ್ಟಿತು. ಶಿವಕಾಶಿಯ ಬೆಂಕಿಪೊಟ್ಟಣದ ಕಾರ್ಖಾನೆಗಳಿಂದ ಶುರುವಾಗಿದ್ದ ಆ ಪ್ರಕರಣದಲ್ಲಿ, ಅಪಾಯದ ಉದ್ದಿಮೆಗಳಲ್ಲಿ ಮಕ್ಕಳನ್ನು ದುಡಿಸಿಕೊಂಡ ಮಾಲೀಕರು ತಲೆಗೆ 20,000 ರೂಪಾಯಿ ಕಟ್ಟಬೇಕು ಎಂದು ಆದೇಶವಾಯಿತು. ಮಗುವಿನ ಬದಲು ಆ ಕುಟುಂಬದ ದೊಡ್ಡವರೊಬ್ಬರಿಗೆ ಸರ್ಕಾರ ಕೆಲಸ ಹುಡುಕಿಕೊಡಬೇಕು, ಆಗದಿದ್ದರೆ 5,000 ರೂಪಾಯಿ ಸೇರಿಸಬೇಕು. ಅಪಾಯವಿಲ್ಲದ ಕೆಲಸಗಳಲ್ಲಿ ಮಾತ್ರ ಮಕ್ಕಳು ದಿನಕ್ಕೆ ನಾಲ್ಕರಿಂದ ಆರು ಗಂಟೆ ಮೀರದಂತೆ ದುಡಿಯಬಹುದು, ಮಾಲೀಕರ ಖರ್ಚಿನಲ್ಲೇ ದಿನಕ್ಕೆ ಕನಿಷ್ಠ ಎರಡು ಗಂಟೆ ಓದಬೇಕು ಎಂದು ಕೋರ್ಟ್ ಹೇಳಿತು.

ಮಕ್ಕಳ ಸಭೆಯೂ ನ್ಯಾಯಪೀಠವೂ ಒಂದನ್ನೊಂದು ಅರಿಯದೆ, ಒಂದೇ ದಿನದ ಅಂತರದಲ್ಲಿ, ಮಕ್ಕಳ ದುಡಿಮೆಯನ್ನು ನಿಯಮದೊಳಗೆ ತರಬಹುದು ಎಂದು ನಂಬಿದ್ದವು. ಮನೆಗೆಲಸದ ಮಟ್ಟಿಗೆ ಆ ನಂಬಿಕೆ ಹತ್ತು ವರ್ಷ ಬಾಳಿತು. 2006ರ ಅಕ್ಟೋಬರ್ 10ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೂ ಹೋಟೆಲು, ಢಾಬಾಗಳ ಕೆಲಸಕ್ಕೂ ಇಟ್ಟುಕೊಳ್ಳುವುದು ನಿಷೇಧವಾಯಿತು. ಹೊಡೆತ, ಮಾನಸಿಕ ಹಿಂಸೆ, ಲೈಂಗಿಕ ದೌರ್ಜನ್ಯಗಳು ನಾಲ್ಕು ಗೋಡೆಯ ಒಳಗೇ ಮುಚ್ಚಿಹೋಗುತ್ತವೆ ಎಂಬ ತಜ್ಞರ ಸಮಿತಿಯ ಮಾತು ಆ ಆದೇಶದ ಹಿಂದಿತ್ತು.

ಅಂದಿನಿಂದ ಮಕ್ಕಳ ಪರವಾಗಿಯೇ ಕೆಲಸ ಮಾಡುವವರ ನಡುವೆ ಒಂದು ಜಗಳ ನಡೆದೇ ಇದೆ. ಬೇರೆಯವರ ಮನೆಯಲ್ಲಿ ದುಡಿಯುವ ಮಗುವನ್ನು ನ್ಯಾಯವಾಗಿ ನಡೆಸಿಕೊಳ್ಳಿ ಎಂದು ಕೇಳಬೇಕೋ, ಆ ಮಗು ಅಲ್ಲಿ ಇರಲೇಬಾರದು ಎಂದು ಕೇಳಬೇಕೋ? ಎರಡೂ ಕಡೆಯವರನ್ನು ನಾನು ಗೌರವಿಸುತ್ತೇನೆ. ಒಂದು ಕಡೆ, ಬೆಂಗಳೂರಿನ ದುಡಿಯುವ ಮಕ್ಕಳು 1990ರಲ್ಲಿ ಕಟ್ಟಿಕೊಂಡ ಭೀಮ ಸಂಘ, ಅದರ ಬೆನ್ನಿಗೆ ನಿಂತ ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆ, ನಂದನಾ ರೆಡ್ಡಿ ಮತ್ತವರ ಸಂಗಡಿಗರು. ಇನ್ನೊಂದು ಕಡೆ, ನಮ್ಮ ನೆರೆಯ ತೆಲಂಗಾಣದ ರಂಗಾರೆಡ್ಡಿ ಜಿಲ್ಲೆಯಲ್ಲಿ ಎಂ.ವಿ. ಫೌಂಡೇಶನ್ ಮೂಲಕ ಹಳ್ಳಿಹಳ್ಳಿಯನ್ನೇ ಶಾಲೆಯ ಕಡೆ ತಿರುಗಿಸಿದ ಶಾಂತಾ ಸಿನ್ಹಾ. ಶಾಲೆಯ ಹೊರಗಿರುವ ಪ್ರತಿ ಮಗುವೂ ಬಾಲಕಾರ್ಮಿಕನೇ ಎಂಬುದು ಅವರ ನಿಲುವು. ಇಂಥವರಿಬ್ಬರು ಒಪ್ಪದ ವಿಷಯವನ್ನು ಒಂದು ಸಾಲಿನಲ್ಲಿ ತೀರ್ಮಾನಿಸಲಾಗದು.

ಮೊದಲು, ನ್ಯಾಯವಾಗಿ ನಡೆಸಿಕೊಳ್ಳಿ ಎನ್ನುವವರ ವಾದ. ಇದನ್ನು ಉಳ್ಳವರ ಸಬೂಬು ಎಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಬಡ ಮಗುವನ್ನು ಮನೆಯಲ್ಲಿಟ್ಟುಕೊಂಡು ಸಾಕುವ, ಓದಿಸುವ ಪದ್ಧತಿ ನಮ್ಮಲ್ಲಿ ನಿಜವಾಗಿಯೂ ಇತ್ತು. ಮೈಸೂರು, ಧಾರವಾಡ, ಬೆಂಗಳೂರುಗಳಲ್ಲಿ ವಾರಾನ್ನ ಉಂಡು ಓದಿ ಮುಂದೆ ಬಂದವರ ಒಂದು ತಲೆಮಾರೇ ಇದೆ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ನೆಂಟರ ಮನೆಯಲ್ಲಿ ನೀರು ಸೇದಿ, ಅಂಗಡಿಗೆ ಓಡಾಡಿ, ಕೂಸನ್ನು ಆಡಿಸಿ, ಉಳಿದ ಹೊತ್ತಿನಲ್ಲಿ ಹೈಸ್ಕೂಲು ಮುಗಿಸಿದವರು ಎಷ್ಟೋ ಜನ. ಹಳ್ಳಿಯಲ್ಲಿ ಹೈಸ್ಕೂಲು ಇರಲಿಲ್ಲ, ಪೇಟೆಯಲ್ಲಿ ಇತ್ತು. ನಡುವಿನ ದೂರವನ್ನು ದಾಟಿಸಿದ್ದು ಯಾರದೋ ಮನೆಯ ಜಗುಲಿ. ಆ ಋಣವನ್ನು ನೆನೆಯುವವರು ಈಗಲೂ ಇದ್ದಾರೆ. ಅವರ ಮುಂದೆ ಇದೆಲ್ಲ ಶೋಷಣೆ ಎಂದರೆ ನೋವಾಗುವುದು ಸಹಜ.

ಇಂದು ರಾಯಚೂರು, ಯಾದಗಿರಿಯಿಂದ ಬೆಂಗಳೂರಿನ ಮನೆಗಳಿಗೆ ಬರುವ ಹುಡುಗಿಯರ ಮಟ್ಟಿಗೂ ಈ ವಾದದಲ್ಲಿ ಹುರುಳಿದೆ. ಮಳೆ ಕೈಕೊಟ್ಟ ವರ್ಷ ಅಪ್ಪ ಅಮ್ಮ ಗುಳೆ ಹೊರಡುತ್ತಾರೆ. ಮಗಳನ್ನು ಊರಲ್ಲಿ ಬಿಟ್ಟರೆ ನೋಡುವವರಿಲ್ಲ, ಕಟ್ಟಡದ ಕೆಲಸದ ಜಾಗಕ್ಕೆ ಕರೆದೊಯ್ದರೆ ತಗಡಿನ ಗುಡಿಸಿಲು. ಹದಿನಾರಕ್ಕೆ ಮದುವೆ ಮಾಡಿ ಜವಾಬ್ದಾರಿ ಕಳೆದುಕೊಳ್ಳುವುದು ಮತ್ತೊಂದು ದಾರಿ. ಈ ಮೂರರ ನಡುವೆ ನಿಂತ ತಾಯಿಗೆ, ಪರಿಚಯದವರ ಮನೆಯಲ್ಲಿ ಮೂರು ಹೊತ್ತು ಊಟ, ಬೀಗ ಹಾಕುವ ಬಾಗಿಲು, ತಿಂಗಳಿಗಿಷ್ಟು ದುಡ್ಡು ಕ್ರೌರ್ಯವಾಗಿ ಕಾಣುವುದಿಲ್ಲ. ನಿಷೇಧವನ್ನು ಬರೆದವರು ಆ ತಾಯಿಗೆ ನಾಲ್ಕನೇ ದಾರಿಯನ್ನು ತೋರಿಸಿದ್ದಾರೆಯೇ ಎಂದು ಈ ಕಡೆಯವರು ಕೇಳುತ್ತಾರೆ.

ನಿಷೇಧ ತಾನಾಗಿಯೇ ಏನು ಮಾಡುತ್ತದೆ ಎಂಬುದಕ್ಕೂ ಅವರ ಬಳಿ ಪುರಾವೆ ಇದೆ. ಪ್ರಶಾಂತ್ ಭಾರದ್ವಾಜ್, ಲಿಯಾ ಲಕ್ಡಾವಾಲಾ, ನಿಕೊಲಾಸ್ ಲಿ ಎಂಬ ಅರ್ಥಶಾಸ್ತ್ರಜ್ಞರು ರಾಷ್ಟ್ರೀಯ ಮಾದರಿ ಸಮೀಕ್ಷೆಯ ಅಂಕಿ ಅಂಶಗಳನ್ನು ಹಿಡಿದು 1986ರ ಬಾಲಕಾರ್ಮಿಕ ಕಾಯ್ದೆಯ ಪರಿಣಾಮವನ್ನು ಅಳೆದರು. ಕಾಯ್ದೆ ಬಂದ ಮೇಲೆ ಹದಿನಾಲ್ಕರೊಳಗಿನ ಮಕ್ಕಳ ಕೂಲಿ ದೊಡ್ಡವರ ಕೂಲಿಗೆ ಹೋಲಿಸಿದರೆ ಕುಸಿದಿತ್ತು. ಕೂಲಿ ಕುಸಿದದ್ದರಿಂದ ತೀರಾ ಬಡ ಕುಟುಂಬಗಳ ಮಕ್ಕಳು ಕೆಲಸಕ್ಕೆ ಹೋಗುವುದು ಕಡಿಮೆಯಾಗುವ ಬದಲು ಹೆಚ್ಚಿತ್ತು. ಕದ್ದುಮುಚ್ಚಿ ಕೆಲಸಕ್ಕಿಟ್ಟುಕೊಳ್ಳುವವನು ಅಪಾಯದ ಬೆಲೆಯನ್ನು ಮಗುವಿನ ಕೂಲಿಯಿಂದಲೇ ಮುರಿದುಕೊಳ್ಳುತ್ತಾನೆ ಎಂದಾಯಿತು.

ನಿಷೇಧ ಜಾರಿಯಾಗುವ ಬಗೆಯನ್ನೂ ನೋಡಿ: ಅಧಿಕಾರಿಗಳ ದಾಳಿ, ಹುಡುಗಿಯ ರಕ್ಷಣೆ, ಬಾಲಮಂದಿರ, ಮಕ್ಕಳ ಕಲ್ಯಾಣ ಸಮಿತಿಯ ಎದುರು ಹಾಜರಿ, ಅಪ್ಪ ಬಂದು ಮುಚ್ಚಳಿಕೆ ಬರೆದುಕೊಡುವುದು, ಊರಿನ ಬಸ್ಸು. ಆಮೇಲೆ? ಊರಲ್ಲಿ ಏನೂ ಬದಲಾಗಿರದಿದ್ದರೆ ಅವಳು ಇನ್ನೊಂದು ಮನೆಗೆ, ಈ ಸಲ ಇನ್ನೂ ದೂರದ, ಇನ್ನೂ ಗುಟ್ಟಾದ ಮನೆಗೆ ಹೋಗುತ್ತಾಳೆ. ಅವಳ ಮಾತನ್ನು ಯಾರೂ ಕೇಳದೆ ಅವಳನ್ನು ಎತ್ತಿಕೊಂಡು ಹೋಗುವುದು, ಅವಳನ್ನು ಯಾರೂ ಕೇಳದೆ ಕೆಲಸಕ್ಕೆ ಕಳಿಸಿದಷ್ಟೇ ಅನ್ಯಾಯ ಎಂದು ಭೀಮ ಸಂಘದ ಕಡೆಯವರು ಹೇಳುವಾಗ ನನಗೆ ಎದುರಾಡಲು ಮಾತು ಸಿಗುವುದಿಲ್ಲ.

ಇನ್ನು ಎದುರು ವಾದ. ವಾರಾನ್ನದ ನೆನಪಿನಿಂದಲೇ ಶುರುಮಾಡೋಣ, ಏಕೆಂದರೆ ಆ ನೆನಪಿನಲ್ಲಿ ಒಂದು ದೊಡ್ಡ ತೂತಿದೆ. ಹಾಗೆ ಓದಿ ಮುಂದೆ ಬಂದವರು ಹೆಚ್ಚುಕಡಿಮೆ ಎಲ್ಲರೂ ಗಂಡುಹುಡುಗರು. ಅದರಲ್ಲೂ ಊಟ ಹಾಕುವವರ ಜಾತಿಯವರೇ, ಇಲ್ಲವೇ ಅದರ ಆಸುಪಾಸಿನವರು. ಮನೆಯಲ್ಲಿಟ್ಟುಕೊಂಡ ಹುಡುಗ ಸಂಜೆ ಪುಸ್ತಕ ಹಿಡಿದರೆ ಮನೆಯವರಿಗೆ ಹೆಮ್ಮೆ. ಮನೆಯಲ್ಲಿಟ್ಟುಕೊಂಡ ಹುಡುಗಿ ಸಂಜೆ ಪುಸ್ತಕ ಹಿಡಿದರೆ ಮುಸುರೆ ಯಾರು ತೊಳೆಯಬೇಕು? ಗಂಡುಮಕ್ಕಳಿಗೆ ಮಠಗಳ ಉಚಿತ ವಿದ್ಯಾರ್ಥಿನಿಲಯಗಳು, ಜಾತಿವಾರು ಹಾಸ್ಟೆಲುಗಳು ಬಂದವು, ಅವರು ಬೇರೆಯವರ ಜಗುಲಿ ಬಿಟ್ಟು ಅಲ್ಲಿಗೆ ಹೋದರು. ಹುಡುಗಿಯರು ಅಡುಗೆಮನೆಯಲ್ಲೇ ಉಳಿದರು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2012ರ ಅಂದಾಜಿನಂತೆ ಜಗತ್ತಿನಲ್ಲಿ ಬೇರೆಯವರ ಮನೆಗಳಲ್ಲಿ ಸಂಬಳಕ್ಕೋ ಬರಿಗೈಯಲ್ಲೋ ದುಡಿಯುವ ಮಕ್ಕಳು 1.72 ಕೋಟಿ. ಅವರಲ್ಲಿ ಮೂರನೆಯ ಎರಡು ಪಾಲು ಹುಡುಗಿಯರು. ಸಾಕುವ ಪದ್ಧತಿ ಮತ್ತು ದುಡಿಸಿಕೊಳ್ಳುವ ಪದ್ಧತಿ ಹೊರಗಿನಿಂದ ನೋಡಿದರೆ ಒಂದೇ ಥರ ಕಾಣುತ್ತವೆ, ಆದರೆ ಹತ್ತು ವರ್ಷ ಕಳೆದ ಮೇಲೆ ಒಂದರಿಂದ ಮೇಷ್ಟರು, ವಕೀಲರು ಹೊರಬಂದರು, ಇನ್ನೊಂದರಿಂದ ಅಕ್ಷರ ಮರೆತ ಹೆಂಗಸರು ಹೊರಬಂದರು.

‘ನಮ್ಮ ಮನೆ ಮಗಳ ಥರಾನೇ ನೋಡ್ಕೋತೀವಿ’ ಎನ್ನುವವರು ಬಹಳ ಮಂದಿ. ಅವರಲ್ಲಿ ಎಷ್ಟೋ ಜನ ಅದನ್ನು ಮನಸಾರೆ ನಂಬಿದ್ದಾರೆ. ಹಬ್ಬಕ್ಕೆ ಬಟ್ಟೆ ಕೊಡಿಸುತ್ತಾರೆ, ಜ್ವರ ಬಂದರೆ ಡಾಕ್ಟರ ಬಳಿ ಕರೆದೊಯ್ಯುತ್ತಾರೆ. ಆ ಒಳ್ಳೆಯತನವನ್ನು ನಾನು ಅನುಮಾನಿಸುವುದಿಲ್ಲ. ಆದರೆ ಒಳ್ಳೆಯತನ ಕೊಡುವವರ ಕೈಯಲ್ಲಿದೆ, ಪಡೆಯುವವಳ ಕೈಯಲ್ಲಿಲ್ಲ. ಯಜಮಾನಿಯ ಸಿಟ್ಟಿನ ದಿನ, ಮನೆಗೆ ನೆಂಟರು ತುಂಬಿದ ವಾರ, ಮಗುವಿನ ಕೈಯಿಂದ ಗಾಜಿನ ಲೋಟ ಬಿದ್ದ ಗಳಿಗೆಯಲ್ಲಿ ಅದು ಏನಾಗುತ್ತದೆ ಎಂಬುದಕ್ಕೆ ಸಾಕ್ಷಿಯಿಲ್ಲ. ಮನೆಮಗಳು ಬೆಳಗ್ಗೆ ಎದ್ದು ಹಾಲು ತರಲು ಓಡುವುದಿಲ್ಲ. ಮನೆಮಗಳಿಗೆ ಊಟ ಎಲ್ಲರದ್ದೂ ಆದ ಮೇಲಲ್ಲ. ಮನೆಮಗಳು ಸಿಟ್ಟು ಮಾಡಿಕೊಂಡು ಬಾಗಿಲು ಹಾಕಿಕೊಳ್ಳಬಹುದು, ಇವಳಿಗೆ ಹಾಕಿಕೊಳ್ಳಲು ಬಾಗಿಲಿಲ್ಲ. ಅಡುಗೆಮನೆಯಲ್ಲೋ, ಟಿ.ವಿ. ಆರಿದ ಮೇಲೆ ಹಾಲ್‌ನಲ್ಲೋ ಚಾಪೆ ಹಾಸಿಕೊಳ್ಳಬೇಕು. ಕಾರ್ಖಾನೆಗೆ ಸೈರನ್ ಇದೆ, ಹೋಟೆಲಿಗೆ ಶಟರ್ ಇದೆ. ಮನೆಗೆಲಸದ ಮಗುವಿನ ದಿನಕ್ಕೆ ಮುಗಿತಾಯವೇ ಇಲ್ಲ. ಕೂಸು ನಡುರಾತ್ರಿ ಅತ್ತರೆ ಕರೆ ಬರುವುದು ಅವಳಿಗೇ.

ಕೂಲಿಯೂ ಅವಳ ಕೈಗೆ ಬರುವುದಿಲ್ಲ. ಮುಂಗಡ ಅಪ್ಪನಿಗೆ ಹೋಗಿರುತ್ತದೆ, ಇಲ್ಲವೇ ಏಜೆಂಟನ ಜೇಬಿಗೆ. ‘ಮದುವೆಗೆ ಒಟ್ಟಿಗೆ ಕೊಡ್ತೀವಿ’ ಎಂಬ ಮಾತೂ ಉಂಟು. 2015ರ ಬಾಲನ್ಯಾಯ ಕಾಯ್ದೆಯ 79ನೇ ಕಲಮಿನ ಪ್ರಕಾರ, ಹದಿನೆಂಟರೊಳಗಿನವರನ್ನು ಕೆಲಸಕ್ಕೆಂದು ಕಟ್ಟಿಹಾಕಿಕೊಂಡರೆ ಅಥವಾ ಅವರ ಗಳಿಕೆಯನ್ನು ತಡೆಹಿಡಿದರೆ ಐದು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿ ದಂಡ. ‘ಒಟ್ಟಿಗೆ ಕೊಡ್ತೀವಿ’ ಎನ್ನುವ ಮನೆಗಳಿಗೆ ಇದು ತಮ್ಮ ಬಗ್ಗೆ ಬರೆದ ಕಾನೂನು ಎಂಬ ಅರಿವೇ ಇಲ್ಲ.

ದೊಡ್ಡ ಹೆಂಗಸರ ಕೂಲಿಯ ಪ್ರಶ್ನೆಯೂ ಇಲ್ಲಿದೆ. 2004ರಲ್ಲಿ ಮನೆಗೆಲಸಕ್ಕೆ ಕನಿಷ್ಠ ವೇತನ ನಿಗದಿ ಮಾಡುವ ಆದೇಶ ಹೊರಡಿಸಿ ಕರ್ನಾಟಕ ದೇಶಕ್ಕೇ ಮುಂಚೂಣಿಯಲ್ಲಿ ನಿಂತಿತು. ಆ ಆದೇಶದ ಹಿಂದೆ ಬೆಂಗಳೂರಿನ ಮನೆಗೆಲಸದ ಹೆಂಗಸರ ಸಂಘಟನೆಗಳ ವರ್ಷಗಳ ಹೋರಾಟವಿತ್ತು. ಊಟ ಬಟ್ಟೆಗೆ ಒಂದು ಮಗು ಸಿಗುತ್ತಿರುವ ತನಕ ಆ ವೇತನವನ್ನು ಗಟ್ಟಿಯಾಗಿ ಕೇಳಲು ಆ ಮಗುವಿನ ತಾಯಿಗೇ ಆಗುವುದಿಲ್ಲ. ಹಾಗಾಗಿ ಮಗುವಿನ ದುಡಿಮೆ ಬಡತನದಿಂದ ಹುಟ್ಟುತ್ತದೆ ಎಂಬುದು ಎಷ್ಟು ನಿಜವೋ, ಬಡತನ ಮಗುವಿನ ದುಡಿಮೆಯಿಂದ ಮತ್ತೆ ಹುಟ್ಟುತ್ತದೆ ಎಂಬುದೂ ಅಷ್ಟೇ ನಿಜ. ಶಾಂತಾ ಸಿನ್ಹಾ ಅವರ ಅನುಭವ ಇಲ್ಲಿ ಮುಖ್ಯ. ತೀರಾ ಬಡ ತಾಯಿತಂದೆಯರೂ ಮಕ್ಕಳನ್ನು ಓದಿಸಲು ಹಂಬಲಿಸುತ್ತಾರೆ, ಶಾಲೆಯೇ ಅವರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂಬುದನ್ನು ಅವರು ವರ್ಷಗಟ್ಟಲೆ ಹಳ್ಳಿಗಳಲ್ಲಿ ಕಂಡರು. ಜೀತದಲ್ಲಿದ್ದ, ಕೂಲಿಗೆ ಹೋಗುತ್ತಿದ್ದ ಮಕ್ಕಳನ್ನು ಕೆಲವು ತಿಂಗಳ ವಸತಿ ಶಿಬಿರಗಳಲ್ಲಿ ಸಿದ್ಧಮಾಡಿ ಅವರ ವಯಸ್ಸಿನ ತರಗತಿಗೇ ಸೇರಿಸಿದರು. ಬಡತನ ಹೋದ ಮೇಲೆ ಶಾಲೆ ಎಂದು ಕಾದಿದ್ದರೆ ಆ ಮಕ್ಕಳು ಇನ್ನೂ ಕಾಯುತ್ತಲೇ ಇರುತ್ತಿದ್ದರು.

ಎರಡೂ ವಾದಗಳನ್ನು ಹೀಗೆ ಎದುರುಬದುರು ಇಟ್ಟಾಗ ನನಗೆ ಒಂದು ಸಂಗತಿ ಕಾಣುತ್ತದೆ. ಎರಡೂ ಕಡೆಯವರು ಮಾತಾಡುತ್ತಿರುವುದು ಬೇರೆ ಬೇರೆ ವಯಸ್ಸಿನ, ಬೇರೆ ಬೇರೆ ಮನೆಗಳ ಮಕ್ಕಳ ಬಗ್ಗೆ. ನಿಷೇಧದ ಪರ ಇರುವವರ ಕಣ್ಣ ಮುಂದೆ ಒಂಬತ್ತು ವರ್ಷದ, ಊರಿನಿಂದ ಐನೂರು ಕಿಲೋಮೀಟರ್ ದೂರದಲ್ಲಿ ಬೀಗದ ಮನೆಯೊಳಗಿರುವ ಹುಡುಗಿ ಇದ್ದಾಳೆ. ಎದುರು ಕಡೆಯವರ ಕಣ್ಣ ಮುಂದೆ ಹದಿನೈದರ, ಶಾಲೆ ಮುಗಿಸಿ ಸಂಜೆ ಎರಡು ಮನೆಯ ಪಾತ್ರೆ ತೊಳೆದು ರಾತ್ರಿ ತಾಯಿಯ ಪಕ್ಕ ಮಲಗುವ ಹುಡುಗಿ ಇದ್ದಾಳೆ. ಇಬ್ಬರೂ ನಿಜ. ಇಬ್ಬರನ್ನೂ ಒಂದೇ ಹೆಸರಿನಿಂದ ಕರೆದದ್ದರಿಂದ ಜಗಳ ಬೆಳೆಯಿತು.

ಮೊದಲನೆಯವಳ ವಿಷಯದಲ್ಲಿ ನನಗೆ ಯಾವ ಗೊಂದಲವೂ ಇಲ್ಲ. ಹದಿನಾಲ್ಕರೊಳಗಿನ ಮಗು ಬೇರೆಯವರ ಮನೆಯಲ್ಲಿ ದುಡಿಯಬಾರದು. ಅವಳಿಗೆ ನ್ಯಾಯವಾದ ಕೆಲಸದ ಸಮಯ ಎಂಬುದಿಲ್ಲ, ನ್ಯಾಯವಾದ ಸಂಬಳ ಎಂಬುದೂ ಇಲ್ಲ. ಬೊಲಿವಿಯಾ ದೇಶ 2014ರಲ್ಲಿ ದುಡಿಯುವ ಮಕ್ಕಳ ಸಂಘಟನೆಗಳ ಒತ್ತಾಯಕ್ಕೆ ಮಣಿದು, ಷರತ್ತುಗಳೊಂದಿಗೆ ಹತ್ತು ವರ್ಷದ ಮಕ್ಕಳಿಗೂ ದುಡಿಯಲು ಅನುಮತಿ ಕೊಟ್ಟಿತ್ತು. ನಾಲ್ಕೇ ವರ್ಷದಲ್ಲಿ ಆ ಕಾನೂನನ್ನು ಹಿಂತೆಗೆದುಕೊಂಡಿತು. ಮಕ್ಕಳ ದನಿಯನ್ನು ಕೇಳಬೇಕು ಎಂಬುದನ್ನು ಒಪ್ಪಿಕೊಂಡೇ ಹೇಳುತ್ತೇನೆ, ಹತ್ತು ವರ್ಷದ ಮಗು ತನ್ನ ಹಸಿವಿನ ಒತ್ತಾಯದಲ್ಲಿ ಕೇಳಿದ್ದನ್ನೆಲ್ಲ ಅದರ ಆಯ್ಕೆ ಎನ್ನಲಾಗದು.

ಗೊಂದಲವಿರುವುದು ಹದಿನಾಲ್ಕರಿಂದ ಹದಿನೆಂಟರ ನಡುವಿನವರ ಬಗ್ಗೆ, ಮತ್ತು ನಮ್ಮ ಕಾನೂನು ಅತಿ ಕಡಿಮೆ ಮಾತಾಡಿರುವುದೂ ಅವರ ಬಗ್ಗೆಯೇ. 2016ರ ತಿದ್ದುಪಡಿ ಹದಿನಾಲ್ಕರೊಳಗಿನವರಿಗೆ ಎಲ್ಲ ಕೆಲಸವನ್ನೂ ನಿಷೇಧಿಸಿತು, ಹದಿಹರೆಯದವರಿಗೆ ಗಣಿ, ಸ್ಫೋಟಕ, ಅಪಾಯಕಾರಿ ತಯಾರಿಕೆಗಳನ್ನು ಮಾತ್ರ. ಮನೆಗೆಲಸ ಆ ಪಟ್ಟಿಯಲ್ಲಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಕಡ್ಡಾಯವೂ ಎಂಟನೇ ಕ್ಲಾಸಿಗೆ ನಿಲ್ಲುತ್ತದೆ. ಹೀಗೆ ಹದಿನಾಲ್ಕು ತುಂಬಿದ ದಿನ ಶಾಲೆಯ ಬಾಗಿಲು ಅರ್ಧ ಮುಚ್ಚುತ್ತದೆ, ಯಜಮಾನಿಯ ಬಾಗಿಲು ಪೂರ್ತಿ ತೆರೆಯುತ್ತದೆ. ತಿದ್ದುಪಡಿಯಲ್ಲಿ ಇನ್ನೊಂದು ಸಂದಿಯೂ ಇದೆ. ಶಾಲೆಯ ಸಮಯದ ಆಚೆ ಮಗು ತನ್ನ ಕುಟುಂಬಕ್ಕೆ ನೆರವಾಗಬಹುದು, ಆ ಕುಟುಂಬದೊಳಗೆ ಚಿಕ್ಕಪ್ಪ, ಅತ್ತೆ, ಸೋದರಮಾವ, ಚಿಕ್ಕಮ್ಮಂದಿರೂ ಸೇರುತ್ತಾರೆ. ‘ನಮ್ಮ ನೆಂಟರ ಹುಡುಗಿ, ಓದೋಕೆ ಬಂದಿದಾಳೆ’ ಎಂಬ ಉತ್ತರವನ್ನು ಬಾಗಿಲಲ್ಲಿ ನಿಂತ ಅಧಿಕಾರಿ ಪರೀಕ್ಷಿಸುವುದು ಹೇಗೆ?

ಇಲ್ಲಿ ನಾನು ಗೆರೆ ಎಳೆಯುವುದು ರಾತ್ರಿಯಲ್ಲಿ. ಹದಿನೆಂಟರೊಳಗಿನ ಹುಡುಗಿ ದುಡಿಯುವ ಮನೆಯಲ್ಲೇ ಮಲಗಬಾರದು. ಹಗಲಿನಲ್ಲಿ, ಶಾಲೆಯ ಆಚೆ, ಗೊತ್ತಾದ ಒಂದೆರಡು ಗಂಟೆ ಕೆಲಸ ಮಾಡಿ ತನ್ನವರ ಬಳಿಗೋ ಹಾಸ್ಟೆಲಿಗೋ ಮರಳುವವಳನ್ನು ಕಾನೂನು ಕಾಯಬಹುದು. ಅವಳ ಗಂಟೆಗಳನ್ನು ಎಣಿಸಬಹುದು, ಕೂಲಿಯನ್ನು ಕೇಳಬಹುದು, ಅವಳ ಮೈಮೇಲಿನ ಬಾಸುಂಡೆಯನ್ನು ಇನ್ನೊಬ್ಬರು ನೋಡುತ್ತಾರೆ. ಕೆಲಸ ಬಿಡಬೇಕೆನಿಸಿದರೆ ಮರುದಿನ ಹೋಗದಿದ್ದರಾಯಿತು. ಮನೆಯಲ್ಲೇ ಉಳಿಯುವವಳಿಗೆ ಇವು ಯಾವುವೂ ಇಲ್ಲ. ಅವಳ ಕೆಲಸ, ಊಟ, ಹಾಸಿಗೆ, ಊರಿಗೆ ಮಾಡಬೇಕಾದ ಫೋನು ಎಲ್ಲವೂ ಒಬ್ಬರ ಕೈಯಲ್ಲಿ. ಎಷ್ಟೇ ಒಳ್ಳೆಯವರಿದ್ದರೂ ಒಬ್ಬರ ಕೈಯಲ್ಲಿ ಒಂದು ಮಗುವಿನ ಮೇಲೆ ಅಷ್ಟು ಅಧಿಕಾರ ಇರಬಾರದು.

ಈ ಗೆರೆ ನನ್ನ ಕಲ್ಪನೆಯಿಂದ ಮಾತ್ರ ಬಂದದ್ದಲ್ಲ. 2011ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮನೆಗೆಲಸಗಾರರ ಕುರಿತ 189ನೇ ಒಪ್ಪಂದವನ್ನು ಅಂಗೀಕರಿಸಿತು. ಅದರ ಜೊತೆಗಿನ ಶಿಫಾರಸಿನಲ್ಲಿ ಹದಿನೆಂಟರೊಳಗಿನವರಿಗೆ ರಾತ್ರಿಯ ಕೆಲಸ ಬೇಡ, ಗಂಟೆಗಳಿಗೆ ಕಟ್ಟುನಿಟ್ಟಿನ ಮಿತಿ ಇರಲಿ, ಮೈಗೂ ಮನಸ್ಸಿಗೂ ಮೀರಿದ ಕೆಲಸ ಬೇಡ, ಅವರು ದುಡಿಯುವ ಮತ್ತು ಬದುಕುವ ಸ್ಥಿತಿಯ ಮೇಲೆ ಕಣ್ಣಿರಲಿ ಎಂದಿದೆ. ಭಾರತ ಆ ಒಪ್ಪಂದವನ್ನು ಇನ್ನೂ ಅನುಮೋದಿಸಿಲ್ಲ. ಅದಕ್ಕಿಂತ ನನಗೆ ಹತ್ತಿರದ್ದು ಕುಂದಾಪುರದ ಘೋಷಣೆ. ಮಕ್ಕಳು ಪಟ್ಟಣಕ್ಕೆ ಹೋಗಬೇಕಾಗದಂತೆ ಹಳ್ಳಿಗಳಲ್ಲೇ ಹೆಚ್ಚಿನ ಅವಕಾಶ ಇರಲಿ ಎಂಬುದೂ ಅದರಲ್ಲಿತ್ತು. ಕುಂದಾಪುರದ ಸುತ್ತಲಿನ ಊರುಗಳಿಂದ ಬೆಂಗಳೂರು, ಮುಂಬೈಗಳ ಹೋಟೆಲುಗಳಿಗೆ ಹೋದ ಮಾಣಿಗಳ ಕತೆ ಬಲ್ಲ ಯಾರಿಗಾದರೂ ಇದು ಅರ್ಥವಾಗುತ್ತದೆ. ದುಡಿಯುವ ಹಕ್ಕಿಗಾಗಿ ವಾದಿಸಿದ ಮಕ್ಕಳೂ ಮನೆ ಬಿಟ್ಟು ದೂರ ಹೋಗುವುದನ್ನು ಬಯಸಿರಲಿಲ್ಲ. ನಿಷೇಧದವರೂ ನಿಯಮದವರೂ ಕೈಕುಲುಕಬಹುದಾದ ಜಾಗ ಇದೇ ಎಂದು ನಾನು ನಂಬಿದ್ದೇನೆ.

ಇದಕ್ಕೆ ಬರುವ ಆಕ್ಷೇಪಣೆ ಹಗುರವಲ್ಲ. ಗುಳೆ ಹೋದ ತಂದೆತಾಯಿಯ ಹದಿನಾರರ ಮಗಳು ರಾತ್ರಿ ಎಲ್ಲಿಗೆ ಮರಳಬೇಕು? ಅವಳಿಗೆ ಯಜಮಾನರ ಮನೆಯೇ ಸೂರಾಗಿದ್ದರೆ, ನನ್ನ ಗೆರೆ ಅವಳನ್ನು ಬೀದಿಗೆ ತರುತ್ತದೆ. ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳು, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು, ಇಲಾಖೆಗಳ ಹಾಸ್ಟೆಲುಗಳು ಇವೆ ನಿಜ. ಆದರೆ ಪ್ರವೇಶ ಜೂನಿನಲ್ಲಿ, ಗುಳೆ ದೀಪಾವಳಿಯ ಮೇಲೆ. ವರ್ಷದ ನಡುವೆ ಬರುವ, ಎರಡು ವರ್ಷ ಓದು ಬಿಟ್ಟಿರುವ, ಟಿ.ಸಿ. ಕೂಡ ಇಲ್ಲದ ಹುಡುಗಿಗೆ ಅಲ್ಲಿ ಹಾಸಿಗೆ ಸಿಗುವುದು ಕಷ್ಟ. ಅವಳಿಗಾಗಿ ವರ್ಷವಿಡೀ ತೆರೆದಿರುವ ಒಂದಷ್ಟು ಜಾಗಗಳನ್ನು ತಾಲ್ಲೂಕಿಗೊಂದರಂತೆ ಇಡದೆ ನನ್ನ ಗೆರೆಯನ್ನು ಕಾನೂನು ಮಾಡಿದರೆ, 1986ರ ಕಾಯ್ದೆ ಮಾಡಿದ ತಪ್ಪನ್ನೇ ಮತ್ತೆ ಮಾಡಿದಂತಾಗುತ್ತದೆ. ಇದನ್ನು ಒಪ್ಪುತ್ತೇನೆ. ನಿಷೇಧದ ಜೊತೆಗೇ ಆಸರೆಯನ್ನೂ ಕೊಟ್ಟ ಒಂದು ಉದಾಹರಣೆ ಇದೆ. ನೇಪಾಳದ ತರಾಯಿಯಲ್ಲಿ ಥಾರು ಜನಾಂಗದ ಹುಡುಗಿಯರನ್ನು ಮಾಘದ ಹಬ್ಬದ ಹೊತ್ತಿಗೆ ವರ್ಷದ ಕರಾರಿನ ಮೇಲೆ ಮನೆಗೆಲಸಕ್ಕೆ ಕಳಿಸುವ ಕಮ್ಲರಿ ಪದ್ಧತಿ ಇತ್ತು. ದಾಂಗ್ ಜಿಲ್ಲೆಯಲ್ಲಿ ಒಂದು ಸೇವಾಸಂಸ್ಥೆ, ಮಗಳನ್ನು ಕಳಿಸದ ಕುಟುಂಬಕ್ಕೆ ಒಂದು ಹಂದಿಮರಿಯನ್ನೋ ಆಡನ್ನೋ ಕೊಟ್ಟಿತು, ಹುಡುಗಿಯ ಶಾಲೆಯ ಖರ್ಚನ್ನು ಹೊತ್ತಿತು. ಸಾಕಿ ಮಾರಿದರೆ ಅವಳ ವರ್ಷದ ದುಡಿಮೆಯ ಹಣ ಬರುತ್ತಿತ್ತು. ಮರಳಿ ಬಂದ ಹುಡುಗಿಯರೇ ಊರೂರಲ್ಲಿ ಮೆರವಣಿಗೆ ಮಾಡಿದರು, ಬೀದಿ ನಾಟಕ ಆಡಿದರು. ಸರ್ಕಾರ ಪದ್ಧತಿ ರದ್ದಾಯಿತೆಂದು ಘೋಷಿಸಿದ್ದು 2013ರಲ್ಲಿ, ಅಷ್ಟರೊಳಗೆ ಹಳ್ಳಿಗಳಲ್ಲಿ ಅದರ ಬೇರು ಸಡಿಲಾಗಿತ್ತು. ಅಲ್ಲಿ ನಿಷೇಧವೂ ಇತ್ತು, ಕುಟುಂಬದ ಕೈಗೆ ಏನೋ ಒಂದು ಬಂದದ್ದೂ ಇತ್ತು, ಹುಡುಗಿಯರ ದನಿಯೂ ಇತ್ತು.

ನಗರದ ಮನೆಗಳ ಕಡೆಯಿಂದಲೂ ಒಂದು ಮಾತು ಹೇಳಬೇಕು. ಹುಡುಗಿಯನ್ನು ತಂದಿಟ್ಟುಕೊಳ್ಳುವ ಎಷ್ಟೋ ಮನೆಗಳಲ್ಲಿ ತಾಯಿಯೂ ಕೆಲಸಕ್ಕೆ ಹೋಗುವವಳು. ಹೆರಿಗೆ ರಜೆ ಮುಗಿದಿದೆ, ಅತ್ತೆಗೆ ಮಂಡಿನೋವು, ಹತ್ತಿರದ ಶಿಶುಪಾಲನಾ ಕೇಂದ್ರದ ಶುಲ್ಕ ಸಂಬಳದ ಅರ್ಧ ತಿನ್ನುತ್ತದೆ. ಅವಳ ಕಷ್ಟ ಸುಳ್ಳಲ್ಲ. ರಾಜ್ಯ ಸರ್ಕಾರ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆಗಳನ್ನು ತೆರೆದಿದೆ. ತಮ್ಮ ತಂಗಿಯರನ್ನು ನೋಡಿಕೊಳ್ಳಲು ಶಾಲೆ ಬಿಡುತ್ತಿದ್ದ ಹಳ್ಳಿಯ ಹುಡುಗಿಯರಿಗೂ ಅದರಿಂದ ಬಿಡುಗಡೆ ಸಿಗಬಹುದು. ಅಂಥದ್ದೇ ಕೂಸಿನ ಮನೆ ಬೆಂಗಳೂರಿನ ವಾರ್ಡುಗಳಲ್ಲೂ ಬೇಕು. ಒಬ್ಬಳ ಮಗುವನ್ನು ನೋಡಿಕೊಳ್ಳಲು ಇನ್ನೊಬ್ಬಳ ಮಗು ಬೇಕಾಗುವ ಏರ್ಪಾಡನ್ನು ಬರೀ ದಂಡದಿಂದ ಮುರಿಯಲಾಗದು.

ಈಗಾಗಲೇ ಮನೆಯಲ್ಲಿ ಇರುವ ಹುಡುಗಿಯ ಗತಿ? ಇದನ್ನು ಓದುವ ಯಾರಾದರೂ ತಮ್ಮ ಅಡುಗೆಮನೆಯ ಕಡೆ ನೋಡಿ ಗಾಬರಿಯಾಗಬಹುದು, ರಾತ್ರೋರಾತ್ರಿ ಅವಳ ಬಟ್ಟೆ ಕಟ್ಟಿ ಬಸ್ಸು ಹತ್ತಿಸಬಹುದು. ದಯವಿಟ್ಟು ಹಾಗೆ ಮಾಡಬೇಡಿ. ದಾಳಿಯ ಸುದ್ದಿ ಹಬ್ಬಿದಾಗಲೆಲ್ಲ ಹುಡುಗಿಯರು ಹೀಗೆ ನಿಲ್ದಾಣಗಳಿಗೆ ಬರುತ್ತಾರೆ, ಅಲ್ಲಿ ಅವರಿಗಾಗಿ ಕಾಯುವವರು ಒಳ್ಳೆಯವರೇ ಆಗಿರುವುದಿಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ ಮಕ್ಕಳ ಕಲ್ಯಾಣ ಸಮಿತಿಯ ಮೂಲಕವೇ ಅವಳು ಊರು ಸೇರಲಿ. ಅದರಿಂದ ನಿಮಗೆ ತೊಂದರೆಯಾಗಬಹುದು. ಹದಿನಾಲ್ಕರೊಳಗಿನ ಮಗುವಾದರೆ ಆರು ತಿಂಗಳಿಂದ ಎರಡು ವರ್ಷದವರೆಗೆ ಜೈಲು, ಅಥವಾ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ ಇದೆ. ಆ ತೊಂದರೆಯ ಭಯವನ್ನು ಮಗುವಿನ ತಲೆಗೆ ಕಟ್ಟುವುದು ಅವಳ ಮೇಲೆ ಎರಡನೇ ಅನ್ಯಾಯ. ಬಂದ ದಿನದಿಂದ ಇಂದಿನವರೆಗೆ ಮನೆಗೆಲಸದ ಕನಿಷ್ಠ ವೇತನದ ಲೆಕ್ಕ ಹಾಕಿ, ಊಟ ಬಟ್ಟೆಯನ್ನು ಅದರಲ್ಲಿ ಮುರಿಯದೆ, ಅವಳ ಹೆಸರಿನ ಬ್ಯಾಂಕ್ ಖಾತೆಗೆ ಕಟ್ಟಿ. ಅಪ್ಪನ ಕೈಗಲ್ಲ, ಕರೆತಂದವರ ಕೈಗಂತೂ ಅಲ್ಲ. ಅವಳಿಗೆ ಹದಿನಾಲ್ಕು ತುಂಬಿಲ್ಲವಾದರೆ ಊರಿನ ಶಾಲೆಯ ಹೆಡ್‌ಮಾಸ್ತರರಿಗೆ ಶಿಕ್ಷಣ ಹಕ್ಕು ಕಾಯ್ದೆಯ ನಾಲ್ಕನೇ ಕಲಮನ್ನು ನೆನಪಿಸಿ. ಎಷ್ಟು ವರ್ಷ ಶಾಲೆ ಬಿಟ್ಟಿದ್ದರೂ ಅವಳನ್ನು ಅವಳ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು, ಹಿಂದುಳಿದದ್ದನ್ನು ತುಂಬಲು ವಿಶೇಷ ತರಬೇತಿ ಕೊಡಬೇಕು, ಹಾಗೆ ಸೇರಿದವಳು ಹದಿನಾಲ್ಕು ದಾಟಿದ ಮೇಲೂ ಎಂಟನೇ ತರಗತಿ ಮುಗಿಯುವ ತನಕ ಶುಲ್ಕವಿಲ್ಲದೆ ಓದಬಹುದು. ಟಿ.ಸಿ. ಇಲ್ಲವೆಂದು ಯಾರೂ ಅವಳನ್ನು ಹಿಂದಕ್ಕೆ ಕಳಿಸುವಂತಿಲ್ಲ.